ನೇಮದ ಹಾಸಿಗೆ

"ಗುರುಗಳೇ, ನೀವು ಹೇಳಿಕೊಟ್ಟ ನೇಮಗಳಲ್ಲಿ ಒಂದನ್ನೂ ನಾನು ತಪ್ಪಿಸಿಲ್ಲ. ಆದರೂ ಮನಸ್ಸಿಗೆ ನೆಮ್ಮದಿ ಇಲ್ಲ. ಯಾಕೆ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಹೆದ್ದಾರಿಯ ಪಕ್ಕದಲ್ಲಿ ಒಂದು ಹಳೆಯ ಛತ್ರವಿತ್ತು. ದಾರಿಹೋಕರು ರಾತ್ರಿ ತಂಗಲೆಂದು ಯಜಮಾನನ ಮುತ್ತಜ್ಜ ಕಟ್ಟಿಸಿದ್ದು. ಕಾಲ ಬದಲಾಯಿತು. ತಂಗುವವರು ಕಡಿಮೆಯಾದರು, ಉಣ್ಣುವವರು ಹೆಚ್ಚಿದರು. ಯಜಮಾನ ಒಂದೊಂದೇ ಕೋಣೆಯ ಗೋಡೆ ಕೆಡವಿ ಊಟದ ಮೇಜು ಹಾಕಿಸಿದ. ಛತ್ರ ಹೋಟೆಲಾಯಿತು. ಅದರಲ್ಲಿ ತಪ್ಪೇನಿಲ್ಲ, ಹಸಿದವರಿಗೆ ಬಡಿಸುವುದೇನು ಸಣ್ಣ ಕೆಲಸವೇ?

ಒಂದು ಕೋಣೆಯನ್ನು ಮಾತ್ರ ಅವನು ಮುಟ್ಟಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಛತ್ರದಲ್ಲಿ ಒಂದು ಹಾಸಿಗೆ ಸಿದ್ಧವಿರಬೇಕು ಎಂಬುದು ಮುತ್ತಜ್ಜನ ನೇಮ. ಯಜಮಾನ ದಿನವೂ ಮಡಿಯುಟ್ಟು, ಒಗೆದ ಹಾಸು ಹಾಸಿ, ತಂಬಿಗೆಯಲ್ಲಿ ನೀರಿಟ್ಟು, ಯಾರೂ ಕೊಳೆ ಮಾಡದಿರಲೆಂದು ಬಾಗಿಲಿಗೆ ಬೀಗ ಹಾಕುತ್ತಿದ್ದ. ಉಂಡವರು ಕಿಟಕಿಯಲ್ಲಿ ಇಣುಕಿ, "ಎಂಥ ನಿಷ್ಠೆ!" ಎಂದು ಕೊಂಡಾಡುತ್ತಿದ್ದರು. ಅವನಿಗೂ ಒಳಗೊಳಗೇ ಹಿಗ್ಗು.

ಒಂದು ಸಂಜೆ ಅವನು ಬೀಗ ಹಾಕುತ್ತಿದ್ದಾಗ ಒಬ್ಬ ಬಳೆಗಾರ ಬಂದ. ಜ್ವರದಿಂದ ನಡುಗುತ್ತಿದ್ದ.

"ಊಟ ಬೇಡ ಸ್ವಾಮಿ. ಬೆಳಗಾಗುವವರೆಗೆ ಮೈ ಚಾಚಲು ಜಾಗ ಕೊಡಿ."

"ಎಲ್ಲಿದೆಯಪ್ಪಾ ಜಾಗ? ಇದು ಹಿರಿಯರ ನೇಮದ ಹಾಸಿಗೆ. ಇದರ ಮೇಲೆ ಯಾರೂ ಮಲಗುವ ಹಾಗಿಲ್ಲ. ಬಿಸಿ ಗಂಜಿ ಕೊಡಿಸುತ್ತೇನೆ, ಕುಡಿದು ಹೋಗು."

ಬಳೆಗಾರ ಕಿಟಕಿಯತ್ತ ನೋಡಿದ. "ಹಾಗಾದರೆ ಇದನ್ನು ಹಾಸಿದ್ದು ಯಾರಿಗೆ ಸ್ವಾಮಿ?" ಎಂದ. ಜಗಳಕ್ಕಲ್ಲ, ತಿಳಿಯದೆಯೇ ಕೇಳಿದ. ಯಜಮಾನ ಬೀಗ ಜಗ್ಗಿ ನೋಡಿದ. ಬಳೆಗಾರ ಬಳೆಯ ಗಂಟು ಹೊತ್ತು ಹೊರಟುಹೋದ.

ಯಜಮಾನನಿಗೆ ಕೂತಲ್ಲಿ ಕೂರಲಾಗಲಿಲ್ಲ. ಗಲ್ಲಾದ ಮುಂದೆ ಕೂತ, ಎದ್ದ. ಅಡುಗೆಮನೆಗೆ ಹೋಗಿ, ಸಾರಿಗೆ ಉಪ್ಪು ಸಾಲದೆಂದು ಸುಮ್ಮಸುಮ್ಮನೆ ಕೂಗಾಡಿದ. ಕೊನೆಗೆ ಬೀಗದ ಕೈ ಹಿಡಿದುಕೊಂಡು ರಸ್ತೆಗೆ ಓಡಿದ. ಎರಡೂ ಕಡೆಗೆ ತಿರುಗಿ ಕೂಗಿ ಕರೆದ. ಯಾರೂ ಓಗೊಡಲಿಲ್ಲ. ಅವನಿಗೆ ಅಳು ಬಂತು. ಹಿಂದಿರುಗಿ ಬಂದವನು ಕೋಣೆಯೊಳಗೆ ಹೋಗಿ, ಸುಕ್ಕೇ ಇಲ್ಲದ ಹಾಸನ್ನು ಮತ್ತೆ ಮತ್ತೆ ಎಳೆದು ಸರಿಮಾಡುತ್ತಾ ನಿಂತ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಆ ಬಳೆಗಾರ ಎಲ್ಲಿಗೆ ಹೋದ ಗುರುಗಳೇ?"

"ಇವತ್ತು ಬೆಳಿಗ್ಗೆ ನೀನು ಜಪಕ್ಕೆ ಕೂತಿದ್ದಾಗ ಬಾಗಿಲಿಗೆ ಬಂದು ನೀರು ಕೇಳಿದ ಮುದುಕಿ ಎಲ್ಲಿಗೆ ಹೋದಳಪ್ಪಾ?" ಎಂದರು ಗುರುಗಳು.