ನಾಲ್ಕು ದ್ವೀಪ ನೋಡಿದವನು

"ಗುರುಗಳೇ, ಮನೆಮಂದಿಯನ್ನೆಲ್ಲ ಕರೆದುಕೊಂಡು ದ್ವೀಪಗಳನ್ನು ನೋಡಿಬರಬೇಕೆಂದಿದ್ದೇನೆ. ಎಷ್ಟು ದ್ವೀಪಗಳಿಗೆ ಹೋದರೆ ಸರಿ?" ಎಂದು ಶಂಭುಲಿಂಗ ಕೇಳಿದ.

ಶಂಭುಲಿಂಗ ಗುರುಗಳ ಗೃಹಸ್ಥ ಶಿಷ್ಯ. ಇದೇ ಯೋಚನೆಯಲ್ಲಿ ಅವನಿಗೆ ತಲೆ ಕೆಟ್ಟುಹೋಗಿತ್ತು. ಇಷ್ಟು ಸಣ್ಣ ವಿಷಯವನ್ನು ಗುರುಗಳ ಹತ್ತಿರ ಕೇಳಬಹುದೋ ಇಲ್ಲವೋ ಎಂಬ ಅಳುಕೂ ಇತ್ತು. ಗುರುಗಳು ನಗಲಿಲ್ಲ. ಹೇಳತೊಡಗಿದರು.

ಕಡಲ ದಂಡೆಯ ಊರೊಂದರಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನಿಗೆ ಒಬ್ಬಳೇ ಮಗಳು. ಅವಳಿಗೆ ಮದುವೆ ಗೊತ್ತಾಯಿತು. ಗಂಡಿನ ಊರು ಬಹಳ ದೂರ. ಅವಳು ಹೊರಟುಹೋಗುವ ಮೊದಲು ಮನೆಯವರೆಲ್ಲ ಒಟ್ಟಿಗೆ ಒಂದು ದಿನ ಕಳೆಯಬೇಕು ಎಂದು ವ್ಯಾಪಾರಿಗೆ ಅನ್ನಿಸಿತು. ಊರೆದುರಿನ ಕಡಲಲ್ಲಿ ನಾಲ್ಕು ದ್ವೀಪಗಳಿದ್ದವು. ಅಂಗಡಿ ಬಿಟ್ಟು ಕದಲದ ಅವನು ಒಂದಕ್ಕೂ ಹೋದವನಲ್ಲ.

ಎಷ್ಟಕ್ಕೆ ಹೋಗುವುದು ಎಂಬುದೇ ಅವನಿಗೆ ಬಗೆಹರಿಯಲಿಲ್ಲ. ಒಂದೇ ಎಂದರೆ ಮಗಳಿಗೆ ಕಡಿಮೆ ಮಾಡಿದಂತಾಗುತ್ತದೆ. ಎರಡು ಎಂದರೆ ಯಾವ ಎರಡು? ಮೂರು ನೋಡಿ ಒಂದನ್ನು ಬಿಟ್ಟರೆ, ಬಿಟ್ಟದ್ದೇ ಎಲ್ಲಕ್ಕಿಂತ ಚೆನ್ನಾಗಿದ್ದರೆ? ಅಂಗಡಿಯಲ್ಲಿ ಬಟ್ಟೆ ಅಳೆಯುವಾಗಲೂ ತಲೆಯಲ್ಲಿ ಅದೇ ಲೆಕ್ಕ. ಗಿರಾಕಿ ಕೇಳಿದ್ದು ಒಂದು, ಇವನು ಹರಿದುಕೊಟ್ಟದ್ದು ಇನ್ನೊಂದು. ಕೊನೆಗೆ, ಆಮೇಲೆ ಯಾರೂ ಕೊರಗುವುದು ಬೇಡ ಎಂದುಕೊಂಡು ನಾಲ್ಕಕ್ಕೂ ದೋಣಿ ಗೊತ್ತುಮಾಡಿದ.

ಬೆಳಗ್ಗೆ ವ್ಯಾಪಾರಿ, ಅವನ ತಾಯಿ, ಹೆಂಡತಿ, ಮಗಳು ಹೊರಟರು. ಮೊದಲ ದ್ವೀಪದಲ್ಲಿ ಇಳಿದದ್ದೇ ತಡ, ತಾಯಿ ಬಂಡೆಯೊಂದರ ಮೇಲೆ ಕುಳಿತು ಕಾಲನ್ನು ನೀರಿಗೆ ಇಳಿಬಿಟ್ಟಳು. ಹೊರಡೋಣ ಎಂದಾಗ ಏಳಲಿಲ್ಲ.

"ನನಗೆ ಇಲ್ಲೇ ಹಿತವಾಗಿದೆ ಕಣಪ್ಪ. ನೀವು ಹೋಗಿ ಬನ್ನಿ," ಎಂದಳು.

ಮುದುಕಿಯನ್ನು ಒಬ್ಬಳನ್ನೇ ಬಿಡುವುದು ಬೇಡ ಎಂದು ಹೆಂಡತಿಯೂ ಬುತ್ತಿಯೊಂದಿಗೆ ಅಲ್ಲೇ ಉಳಿದಳು. ವ್ಯಾಪಾರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಬಿಸಿಲು ಏರುತ್ತಿತ್ತು. ಮಗಳನ್ನು ಕರೆದುಕೊಂಡು ಎರಡನೆಯದಕ್ಕೆ ಹೋದ.

ಅಲ್ಲಿ ಮಗಳು ಮರಳಿನ ಮೇಲೆ ನಾಲ್ಕು ಹೆಜ್ಜೆ ಹಾಕಿದವಳು ತಿರುಗಿ ನಿಂತಳು. ಚಿಪ್ಪು ಆರಿಸುವ ಹೆಂಗಸರ ದೋಣಿಯೊಂದು ಮೊದಲ ದ್ವೀಪದ ಕಡೆಗೆ ಹೊರಡುವುದರಲ್ಲಿತ್ತು.

"ಅಪ್ಪಾ, ನಾನು ಅವರ ಜೊತೆ ಹಿಂದಕ್ಕೆ ಹೋಗಲಾ?"

"ಇನ್ನೂ ಎರಡಿವೆಯಲ್ಲಮ್ಮಾ. ಇದೆಲ್ಲ ಮಾಡಿದ್ದೇ ನಿನಗೋಸ್ಕರ."

"ನನಗೋಸ್ಕರ ಅಂತಾದರೆ ನನ್ನನ್ನು ಅಜ್ಜಿ ಹತ್ತಿರ ಬಿಡಿ."

ಅವನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳು ಹೇಳಿದ್ದು ಅರ್ಥವಾಗಲೂ ಇಲ್ಲ. ಅವಳನ್ನು ಆ ದೋಣಿಗೆ ಹತ್ತಿಸಿದ. ತಾನೂ ಹೋಗಲೇ ಎಂದು ಒಂದು ಕಾಲು ನೀರಿಗಿಟ್ಟ. ಇಷ್ಟು ದೂರ ಬಂದದ್ದಾಯಿತು, ಮನೆಯವರಲ್ಲಿ ಒಬ್ಬರಾದರೂ ನೋಡಬೇಡವೇ, ನೋಡಿ ಬಂದು ಅವರಿಗೆ ಹೇಳಬೇಡವೇ ಎಂದುಕೊಂಡು ಕಾಲು ಹಿಂದೆಗೆದ.

ಮೂರನೆಯದನ್ನು ನೋಡಿದ. ನಾಲ್ಕನೆಯದರಲ್ಲಿ ಇಳಿದಾಗ ಬೆಳ್ಳಕ್ಕಿಗಳ ಹಿಂಡು ಒಮ್ಮೆಗೇ ಮೇಲೆದ್ದಿತು. "ನೋಡಮ್ಮಾ" ಎಂದು ತಿರುಗಿದ. ಪಕ್ಕದಲ್ಲಿ ಯಾರೂ ಇರಲಿಲ್ಲ. ಇನ್ನು ಇಲ್ಲಿ ಏನು ಮಾಡಬೇಕು ಎಂದು ಅವನಿಗೆ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು ದೋಣಿ ಹತ್ತಿದ.

ಮೊದಲ ದ್ವೀಪಕ್ಕೆ ಮರಳಿದಾಗ ಮಗಳು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಅತ್ತು ಅವಳ ಕಣ್ಣು ಊದಿಕೊಂಡಿತ್ತು, ಆದರೂ ಮುಖದಲ್ಲಿ ನಗು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಇವನನ್ನು ಕಂಡದ್ದೇ ಮೂವರೂ ಮಾತು ನಿಲ್ಲಿಸಿದರು.

"ಏನಾಯಿತು?" ಎಂದ.

"ಏನಿಲ್ಲ, ಹೀಗೇ," ಎಂದಳು ಹೆಂಡತಿ.

ದೋಣಿಯಲ್ಲಿ ಅವನು ತಾನು ಕಂಡದ್ದನ್ನೆಲ್ಲ ಹೇಳಿದ. ಮೂವರೂ ಪ್ರೀತಿಯಿಂದಲೇ ಕೇಳಿದರು. ಮದುವೆಯಾಯಿತು, ಮಗಳು ಹೊರಟುಹೋದಳು. ವರ್ಷಕ್ಕೊಮ್ಮೆ ತವರಿಗೆ ಬಂದಾಗ ಅವಳೂ ತಾಯಿಯೂ ಅಜ್ಜಿಯೂ ಆ ದಿನದ ಮಾತೆತ್ತಿ ನಗುತ್ತಿದ್ದರು. ಏನದು ಎಂದು ವ್ಯಾಪಾರಿ ಕೇಳಿದರೆ ಹೆಂಡತಿ, "ನಿಮಗೆ ಹೇಗೆ ಹೇಳೋದು? ನೀವು ಆವತ್ತು ಇರಲಿಲ್ಲವಲ್ಲ," ಎನ್ನುತ್ತಿದ್ದಳು.

ಅವನು ಕಕ್ಕಾಬಿಕ್ಕಿಯಾಗುತ್ತಿದ್ದ. ನಾಲ್ಕೂ ಕಡೆ ಇದ್ದವನು ತಾನೊಬ್ಬನೇ ಅಲ್ಲವೇ?

ಗುರುಗಳು ಕತೆ ನಿಲ್ಲಿಸಿದರು. ಶಂಭುಲಿಂಗನ ಮುಖ ಅರಳಿತು.

"ತಿಳಿಯಿತು ಗುರುಗಳೇ. ಅವನು ಒಂದೇ ದ್ವೀಪಕ್ಕೆ ದೋಣಿ ಗೊತ್ತುಮಾಡಬೇಕಿತ್ತು."

"ಒಂದಕ್ಕೇ ಮಾಡಿದ್ದರೂ, ಅವನು ಅಲ್ಲಿ ನಿಂತುಕೊಂಡು ಮಿಕ್ಕ ಮೂರನ್ನೇ ನೋಡುತ್ತಿರುತ್ತಿದ್ದ," ಎಂದರು ಗುರುಗಳು.