ತಿಕ್ಕಿ ತೊಳೆದ ಸಮೆ

ಘಟಪ್ರಭೆಯ ದಂಡೆಗೆ ಒಂದು ಸಣ್ಣ ಮಠ. ಅಲ್ಲಿದ್ದವರು ಇಬ್ಬರೇ. ಗುರುಗಳ ಹೆಸರು ಮುರಿಗೆಯ್ಯ, ಆದರೆ ಸುತ್ತಲಿನವರಿಗೆಲ್ಲ ಅವರು ಅಜ್ಜಾರು. ಶಿಷ್ಯ ಕಲ್ಲಯ್ಯ ಒಂಬತ್ತು ವರ್ಷದವನಿದ್ದಾಗ ಬಂದವನು. ಈಗ ಅವನಿಗೆ ನಲವತ್ತೊಂದು.

ಒಂದು ಕಾಲಕ್ಕೆ ಆ ಮಠದ ಪಾಠದ ಮನೆಯಲ್ಲಿ ಮೂವತ್ತು ಮಕ್ಕಳು ಮಗ್ಗಿ ಹೇಳಿದರೆ ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವವರಿಗೆ ಕೇಳುತ್ತಿತ್ತು. ಆಹಾ, ಏನು ಗದ್ದಲ ಅದು! ಹೊಳೆ ಉಕ್ಕಿದ ವರ್ಷ ಚಾವಣಿ ಕೊಚ್ಚಿಹೋಯಿತು. ಗೋಡೆಗಳು ಉಳಿದವು, ಮಕ್ಕಳು ಬರುವುದು ನಿಂತಿತು.

ಕಲ್ಲಯ್ಯನಿಗೆ ಆ ಗದ್ದಲ ಮತ್ತೊಮ್ಮೆ ಕೇಳಬೇಕಿತ್ತು.

“ಅಜ್ಜಾರ, ನಮ್ಮ ಕಂಚಿನ ಸಮೆ ಮಾರೂಣೇನ್ರಿ? ಆ ರೊಕ್ಕದಾಗ ಪಾಠದ ಮನಿಗೆ ತಗಡ ಹಾಕಸಬಹುದು.”

ಸಮೆ ಅಂದರೆ ಗದ್ದುಗೆಯ ಮುಂದೆ ಉರಿಯುವ ಕಾಲುದೀಪ. ಸೊಂಟದೆತ್ತರದ್ದು, ನೂರು ವರ್ಷದ ಮೇಲಿನದು.

“ಗದ್ದಿಗಿಗೆ ಒಂದ ಪಣತಿ ಸಾಕು. ಮಾರು,” ಅಂದರು ಅಜ್ಜಾರು.

ಕಲ್ಲಯ್ಯ ಸಮೆಯನ್ನು ಮುಖ ಕಾಣುವ ಹಾಗೆ ಬೆಳಗಿ, ಫೋಟೋ ತೆಗೆದು, ಮೊಬೈಲಿನಲ್ಲಿ ಆನ್‌ಲೈನ್ ಹರಾಜಿಗೆ ಇಟ್ಟ. ಅಂಥದೇ ಒಂದು ಸಮೆ ಅಲ್ಲಿ ಎರಡು ಲಕ್ಷಕ್ಕೆ ಹೋಗಿದ್ದನ್ನು ಅವನು ಕಣ್ಣಾರೆ ನೋಡಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಸ್ವಭಾವ ಅವನದು. ಊರೊಳಗೆ ಹೋಗಿ, ಜೂನ್ ತಿಂಗಳಿಂದ ಮಕ್ಕಳನ್ನು ಕಳಿಸಿರಿ ಎಂದು ತಾಯಂದಿರಿಗೆಲ್ಲ ಹೇಳಿ ಬಂದ.

ಹರಾಜು ಏಳು ದಿನದ್ದು. ಮಠದ ಹಿಂದೆ ದಿಬ್ಬ ಹತ್ತುವ ಮೆಟ್ಟಿಲುಗಳ ತುದಿಗೆ ಹೋದರೆ ಮಾತ್ರ ನೆಟ್‌ವರ್ಕ್ ಸಿಗುತ್ತಿತ್ತು. ಅವನು ಹತ್ತುವುದು, ಇಳಿಯುವುದು ನೋಡಿ ಅಜ್ಜಾರಿಗೆ ನಗು.

“ಏನೋ ಕಲ್ಲಯ್ಯಾ, ಎಷ್ಟ ವರಾ ಬಂದ್ವು?”

“ಇಬ್ಬರು ನೋಡಿ ಹೋಗ್ಯಾರ್ರಿ.”

ಏಳನೆಯ ದಿನ ಮಧ್ಯಾಹ್ನ ಅವನು ಮೆಟ್ಟಿಲಿಳಿದು ಬಂದು ತಲೆ ತಗ್ಗಿಸಿ ಕೂತ.

“ಲಿಲಾವ ಮುಗೀತೇನು?” ಕೇಳಿದರು ಅಜ್ಜಾರು.

“ಮುಗೀತ್ರಿ. ಹನ್ನೊಂದ ಸಾವಿರಕ್ಕ ಹೋತು.”

“ಹೂಂ.”

“ತಗೊಂಡಾವ ಏನ ಬರದಾನ ಕೇಳ್ರಿ.” ಕಲ್ಲಯ್ಯ ಮೊಬೈಲ್ ನೋಡಿ ಓದಿದ: “‘ಅಕ್ಷರಗಳಿಲ್ಲ. ಹಳೆಯ ಬಣ್ಣವಿಲ್ಲ. ತಿಕ್ಕಿ ತಿಕ್ಕಿ ಹೊಸದು ಮಾಡಿದ್ದೀರಿ. ತೂಕಕ್ಕೆ ತೆಗೆದುಕೊಂಡಿದ್ದೇನೆ.’”

ಓದಿ ಮೊಬೈಲನ್ನು ತೊಡೆಯ ಮೇಲಿಟ್ಟ.

“ಎರಡ ಲಕ್ಷಕ್ಕ ಹೋದದ್ದಕ್ಕ ಇದ್ದಾಂಗ ನಮ್ಮದಕ್ಕೂ ಅಕ್ಷರಾ ಇದ್ದುವಲ್ರಿ ಅಜ್ಜಾರ! ಬುಡದ ಸುತ್ತಲೂ ಇದ್ವು. ಸಂಗಪ್ಪ ಕಂಚಗಾರನ ಸೇವಾ ಅಂತ. ನೀವು ನನ್ನ ಬೆರಳ ಹಿಡದು ಅದರ ಮ್ಯಾಲ ಆಡಸ್ತಿದ್ರಿ. ನಾ ಮೊದಲ ಕಲತ ಅಕ್ಷರಾನ ಆ ‘ಸಂ’.”

“ಅದರ ಸೊನ್ನಿ ನೋಡಿ ರೊಟ್ಟಿ ಅಂದಿದ್ದಿ.”

ಕಲ್ಲಯ್ಯನಿಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿದವು.

“ಮೂವತ್ತೆರಡ ವರ್ಷ ದಿನಾ ಬೂದಿ, ಹುಣಸಿಹಣ್ಣ ಹಚ್ಚಿ ತಿಕ್ಕೀನ್ರಿ. ಸೇವಾ ಅಂತ ತಿಕ್ಕೀನಿ. ಆ ಅಕ್ಷರಗಳನ್ನ ನನ್ನ ಕೈಯೇ ತಿಂದ ಬಿಡ್ತು. ನಿಮಗ ಕಾಣಲಿಲ್ಲೇನ್ರಿ?”

“ಕಂಡಿತ್ತು. ನೀ ಬಂದ ಏಳೆಂಟ ವರ್ಷಕ್ಕನ ಕಂಡಿತ್ತು.”

“ಮತ್ತ ಯಾಕ ತಡೀಲಿಲ್ಲ?”

“ಯಾವ ದಿನಾ ತಡೀಬೇಕಿತ್ತು? ಒಂದ ದಿನಾ ಆರಿಸಿ ಹೇಳು.”

ಕಲ್ಲಯ್ಯ ಹುಡುಕಲು ಕೂತ.

ಅವ್ವನನ್ನು ಮಣ್ಣು ಮಾಡಿ ಬಂದ ದಿನ ಸಂಜೆಯತನಕ ಸಮೆ ತಿಕ್ಕಿದ್ದ. ಅವತ್ತು ಕೈಗೆ ಆ ಕೆಲಸ ಇರದಿದ್ದರೆ ಏನಾಗುತ್ತಿದ್ದನೋ ಅವನಿಗೇ ಗೊತ್ತಿಲ್ಲ. ಆ ದಿನ ಬೇಡ.

ಮಕ್ಕಳಿದ್ದ ಕಾಲದಲ್ಲಿ, ಅವನು ಸಮೆ ತೊಳೆಯುವಾಗ ನೀರು ಹಾಕುವ ಪಾಳಿಗೆ ಜಗಳ ಬೀಳುತ್ತಿತ್ತು. ಬೆಳಗಿದ ಕಂಚಿನಲ್ಲಿ ಮೂತಿ ಸೊಟ್ಟಗೆ ಕಂಡರೆ ಸಾಕು, ಹುಡುಗಿಯರು ನಾಲಗೆ ಚಾಚಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ದಿನಗಳಲ್ಲಿ ಯಾವುದನ್ನು ತೆಗೆಯುವುದು?

ಹೊಳೆ ಬಂದಾಗ ಅಜ್ಜಾರ ಕೈ ಒಂದು ಕಡೆ, ಸಮೆ ಒಂದು ಕಡೆ ಹಿಡಿದು ದಿಬ್ಬ ಏರಿದ್ದ. ನೀರು ಇಳಿದ ಮೇಲೆ ಅದರ ರಾಡಿ ತೊಳೆದು ದೀಪ ಹಚ್ಚಿದಾಗ, ಊರವರು ಬಂದು ಸುತ್ತ ಕೂತು ಒಬ್ಬರನ್ನೊಬ್ಬರು ಎಣಿಸಿಕೊಂಡಿದ್ದರು. ಯಾರೂ ಹೊಳೆಪಾಲಾಗಿರಲಿಲ್ಲ.

ಕಡೆಗೆ ಅವನು ತಲೆಯೆತ್ತಿದ.

“ಅಂಥಾ ದಿನಾ ಸಿಗವಲ್ದರಿ.”

“ನನಗೂ ಸಿಗಲಿಲ್ಲ,” ಅಂದರು ಅಜ್ಜಾರು.

ಹೊಳೆಯ ಗಾಳಿ ಬೀಸಿತು. ಕಲ್ಲಯ್ಯ ಮೂಗು ಒರೆಸಿಕೊಂಡ. ಮನಸ್ಸು ಹಗುರಾಯಿತು, ಆದರೆ ಕೊಟ್ಟ ಮಾತು ಹಾಗೇ ಇತ್ತು.

“ಆ ತಾಯಂದ್ರಿಗೆ ಏನ ಹೇಳ್ಲಿರಿ? ಎಲ್ಲಾರೂ ಹೂಂ ಅಂದಾರ. ಕಡೀಮನಿ ನೀಲವ್ವ ಮೊಮ್ಮಗಳಿಗೆ ಹೊಸಾ ಚೀಲಾ ಸೈತ ಹೊಲದಾಳ.”

ಅಜ್ಜಾರು ಎದ್ದರು. ಚಾಪೆ ಸುತ್ತಿ ಬಗಲಲ್ಲಿಟ್ಟುಕೊಂಡು, ಚಾವಣಿಯಿಲ್ಲದ ಪಾಠದ ಮನೆಗೆ ಹೋದರು. ಮೂಡಣ ಗೋಡೆಯ ಬುಡಕ್ಕೆ ಚಾಪೆ ಹಾಸಿ, ಪಾಠ ಹೇಳುವಾಗ ಕೂಡುತ್ತಿದ್ದ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತರು.

“ಅಲ್ಲಿ ಬಿಸಲ ಐತ್ರಿ ಅಜ್ಜಾರ!”

“ಈಗ ಐತಿ. ಮುಂಜಾನಿ ಈ ಗ್ವಾಡಿ ನೆಳ್ಳ ಹತ್ತ ಗಂಟೆತನಕ ಇರತೈತಿ. ಏಳಕ್ಕ ಕಳಸ್ರಿ ಅಂತ ಹೇಳಿ ಬಾ.”

“ಮಳಿ ಬಂದ್ರ?”

“ಸೂಟಿ.”

ಸೂಟಿ ಅಂದೊಡನೆ ಚಾಪೆ ಒದ್ದು ಓಡುತ್ತಿದ್ದ ಮೂವತ್ತು ಮಕ್ಕಳು ಕಲ್ಲಯ್ಯನ ಕಣ್ಣಿಗೆ ಕಟ್ಟಿದರು. ಚಿಕ್ಕವನಿದ್ದಾಗ ಓಡುವವರಲ್ಲಿ ಅವನೇ ಯಾವಾಗಲೂ ಮುಂದಿರುತ್ತಿದ್ದ. ಅವನು ಮೊಬೈಲ್ ಜೇಬಿಗಿಟ್ಟು, ಊರ ಕಡೆ ನಾಲ್ಕು ಹೆಜ್ಜೆ ಹೋಗಿ, ಮತ್ತೆ ತಿರುಗಿ ನಿಂತ.

“ಅಜ್ಜಾರ, ಆ ಹನ್ನೊಂದ ಸಾವಿರದಾಗ ಅರ್ಧಾ ಮನಿಗೂ ತಗಡ ಬರೂದಿಲ್ಲ. ಏನ ಮಾಡ್ಲಿರಿ ಅದನ್ನ?”

“ಪಾಟಿ, ಬಳಪಾ ತಗೊಂಬಾ. ಪಾಟಿ ಮ್ಯಾಲ ಬರದದ್ದನ್ನ ಹುಡುಗ್ರು ದಿನಾ ಒರಸ್ತಾರ. ಯಾರೂ ಅತ್ತದ್ದು ನಾ ನೋಡಿಲ್ಲ.”