ಕೇತವ್ವ ಹೊತ್ತೊಯ್ದ ಬಾಗಿನ

ಬಹಳ ಹಿಂದೆ, ನನ್ನಜ್ಜಿಯ ಅಜ್ಜಿ ಇನ್ನೂ ಹುಟ್ಟದ ಕಾಲದಲ್ಲಿ, ಹೊಳೆಬಾಗಿಲು ಅಂತ ಒಂದು ಊರಿತ್ತಂತೆ. ಇದೇ ಊರು, ನಗಬೇಡಿ. ಆಗ ಮನೆಗಳೆಲ್ಲ ಕೆಳಗೆ, ಹೊಳೆಗೆ ಕಾಲು ಚಾಚಿ ಕೂತಿದ್ದವಂತೆ. ಅಲ್ಲಿ ಮೇದರ ಕೇತವ್ವ ಅಂತ ಒಬ್ಬಳು ಬಿದಿರು ಸೀಳಿ ಬುಟ್ಟಿ, ಮೊರ ಹೆಣೆಯುತ್ತಿದ್ದಳು. ಅವಳ ಮೊರದಲ್ಲಿ ನೀರು ತುಂಬಿದರೂ ಸೋರುತ್ತಿರಲಿಲ್ಲ ಅಂತಾರೆ. ಅದನ್ನು ನಾನಂತೂ ನಂಬಲ್ಲ. ಮುಂದಿನದನ್ನು ನಂಬುತ್ತೇನೆ.

ಹೊಳೆ ತುಂಬಿದರೆ ಬಾಗಿನ ಕೊಡಬೇಕು. ಹೊಸ ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಧಾನ್ಯ ಇಟ್ಟು, ಮೇಲೊಂದು ಮೊರ ಮುಚ್ಚಿ ನೀರಿಗೆ ಬಿಡಬೇಕು. ಇದು ಎಲ್ಲ ಕಡೆ ಇದ್ದದ್ದೇ. ನಮ್ಮವರಿಗೆ ಇನ್ನೊಂದು ಕಟ್ಟಳೆ ಇತ್ತು. ಬಾಗಿನ ಮುಗಿಯುವ ತನಕ ಯಾರೂ ಊರು ಬಿಟ್ಟು ಕದಲಬಾರದು. ಬೆನ್ನು ತೋರಿಸಿದರೆ ಗಂಗಮ್ಮ ಮುನಿಯುತ್ತಾಳಂತೆ!

ಆ ವರ್ಷ ಬೆಳಗ್ಗೆ ದಂಡೆಯ ಮೊದಲ ಮೆಟ್ಟಿಲಲ್ಲಿದ್ದ ಕೆಂಪು ನೀರು ಮಧ್ಯಾಹ್ನಕ್ಕೆ ಅರಳಿಕಟ್ಟೆ ಮುಟ್ಟಿತು. ಹುಲ್ಲಿನ ಬಣವೆ ತೇಲಿ ಬಂತು, ಯಾರದೋ ಮನೆಯ ತೊಲೆ ಬಂತು, ಒಂದು ತೊಟ್ಟಿಲೂ ಬಂತು. ಜನ ಕಂಕುಳಲ್ಲಿ ಕೂಸು ಇಟ್ಟುಕೊಂಡು ದಂಡೆಯಲ್ಲೇ ನಿಂತಿದ್ದರು. ಎಲ್ಲರ ಕಣ್ಣೂ ಊರ ಹಿಂದಿನ ಗುಡ್ಡದ ಕಡೆ. ಆದರೂ ಒಬ್ಬರೂ ಹೆಜ್ಜೆ ಕೀಳಲಿಲ್ಲ.

ಕೇತವ್ವ ಮೊರ ತಂದಳು. ತುಂಬಿದ್ದೂ ಆಯಿತು. ಇನ್ನು ಮನೆಮನೆಯ ಮುತ್ತೈದೆಯೂ ಸರದಿಯಲ್ಲಿ ಬಂದು ಆರತಿ ಎತ್ತಬೇಕು. ಅದು ಮುಗಿಯುವಷ್ಟರಲ್ಲಿ ಸಂಜೆಯಾಗಿಬಿಡುತ್ತಿತ್ತು. ಕೇತವ್ವ ಕೈಮುಗಿದು, ಮೊದಲು ಮಕ್ಕಳನ್ನಾದರೂ ಗುಡ್ಡ ಹತ್ತಿಸಿ ಎಂದು ಬೇಡಿಕೊಂಡಳಂತೆ. ಊರಗೌಡ ಗದರಿಸಿ ಬಾಯಿ ಮುಚ್ಚಿಸಿದನಂತೆ.

ಅವಳು ಒಮ್ಮೆ ಓಣಿಯ ತುದಿಯ ತನ್ನ ಗುಡಿಸಲು ನೋಡಿದಳು. ಒಳಗೆ ಅವಳಪ್ಪ ದುರುಗಪ್ಪ ಮಲಗಿದ್ದ, ಕಾಲು ಬಿದ್ದುಹೋಗಿದ್ದ ಮುದುಕ. ಬಾಗಿನಕ್ಕೆ ಬರಲಾಗದೆ ಮನೆಯಲ್ಲಿ ಉಳಿದವನು ಅವನೊಬ್ಬನೇ. ಇನ್ನೊಮ್ಮೆ ದಂಡೆಯ ಜನರನ್ನು ನೋಡಿದಳು. ನೋಡಿ, ಬಾಗಿನ ಎತ್ತಿ ತಲೆ ಮೇಲಿಟ್ಟುಕೊಂಡು ಗುಡ್ಡದ ಕಡೆ ಓಟ ಕಿತ್ತಳು.

ಹಿಡೀರಿ ಅವಳನ್ನ, ಹಿಡೀರಿ ಅಂತ ಊರಿಗೆ ಊರೇ ಬೆನ್ನು ಹತ್ತಿತು. ಬಾಗಿನವಿಲ್ಲದೆ ದಂಡೆಯಲ್ಲಿ ನಿಲ್ಲಲು ಯಾರಿಗೆ ಧೈರ್ಯ? ಬೈದರು, ಕಲ್ಲು ಎಸೆದರು. ಅವಳ ಹಣೆ ಒಡೆಯಿತು. ಮೊರ ಮಾತ್ರ ಬೀಳಲಿಲ್ಲ ಅಂತಾರೆ.

ಗುಡ್ಡದ ಮೇಲೆ ಗೌಡ ಅವಳ ಜುಟ್ಟು ಹಿಡಿದು ಕೈ ಎತ್ತಿದ. ಆಗ ಕೆಳಗಿನಿಂದ ಸದ್ದು ಬಂತು. ಎಲ್ಲರೂ ತಿರುಗಿ ನೋಡಿದರು. ಓಣಿಗಳಿಲ್ಲ, ಅರಳಿಕಟ್ಟೆ ಇಲ್ಲ, ನೀರೋ ನೀರು. ಗೌಡನ ಕೈ ಎತ್ತಿದಲ್ಲೇ ನಿಂತಿತು. ಕೇತವ್ವ ಬಾಗಿನ ಇಳಿಸಿ ಹೇಳಿದಳಂತೆ:

“ನೀವೆಲ್ಲ ನನ್ನ ಹಿಂದೆ ಓಡಿ ಬರ್ತೀರಿ ಅಂತ ಗೊತ್ತಿತ್ರೀ, ಗೌಡ್ರೇ. ನಮ್ಮಪ್ಪಗೆ ಬರಾಕ ಆಗಂಗಿಲ್ಲ ಅಂತಾನೂ ಗೊತ್ತಿತ್ತು.”

ಅವಳು ದೇವಿಯಾದಳು ಅಂತಾರೆ ಕೆಲವರು. ಸುಳ್ಳು. ಅಪ್ಪನಿಗಾಗಿ ಅತ್ತಳು, ಬದುಕಿದಳು, ಮತ್ತೆಂದೂ ಮೊರ ಹೆಣೆಯಲಿಲ್ಲ, ಅಷ್ಟೇ.

ಇವತ್ತಿಗೂ ಹೊಳೆ ಮೊದಲ ಮೆಟ್ಟಿಲು ಮುಟ್ಟಿದರೆ ನಾವು ಬಾಗಿನದ ಮಾತೆತ್ತುವುದಿಲ್ಲ. ಮೊದಲು ನಡೆಯಲಾಗದವರನ್ನು ಹೊತ್ತು ಗುಡ್ಡ ಹತ್ತಿಸುತ್ತೇವೆ. ಅದಕ್ಕೂ ಮೊದಲು ಗೌಡರ ಮನೆಯವರೊಬ್ಬರು ಕೆಳಗೆ, ದುರುಗಪ್ಪನ ಗುಡಿಸಲಿದ್ದ ಆ ಬರೀ ಮರಳಿನ ಜಾಗಕ್ಕೆ ಹೋಗಿ, ಚಪ್ಪಲಿ ಬಿಟ್ಟು ನಿಂತು ಕೂಗಬೇಕು:

“ದುರುಗಜ್ಜಾ, ಏಳು, ಹೊತ್ಕೊಂಡು ಹೋಗಾಕ ಬಂದೀವಿ.”